ಕೊಯಮತ್ತೂರಿನ ಗಾಣವೂ ಮದರಾಸಿನ ಅಪೀಲೂ

ಕೊಯಮತ್ತೂರು ಸೆರೆಮನೆಯ ಹೆಸರೆತ್ತಿದೊಡನೆ ನಮಗೆ ನೆನಪಾಗುವುದು ಒಂದು ಗಾಣ. ಎತ್ತು ಎಳೆಯಬೇಕಾದ ಗಾಣವನ್ನು ಅಲ್ಲಿ ಒಬ್ಬ ವಕೀಲರು ಎಳೆದರು. ಅವರೇ ವ. ಉ. ಚಿದಂಬರಂ ಪಿಳ್ಳೆಯವರು. ಗಾಣದ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಆ ಶಿಕ್ಷೆಯನ್ನು ಪಿಳ್ಳೆಯವರು ನ್ಯಾಯಾಲಯದಲ್ಲಿ ಪ್ರಶ್ನಿಸಿದ ಸಂಗತಿಯನ್ನು ಮಾತ್ರ ತರಗತಿಯಲ್ಲಿ ನಾವು ಹೇಳುವುದು ವಿರಳ. ಅದನ್ನೇ ಇಲ್ಲಿ ಬರೆಯಲು ಎಣಿಸಿದ್ದೇವೆ.

1872ರಲ್ಲಿ ಒಟ್ಟಪಿಡಾರಂನಲ್ಲಿ ಜನಿಸಿದ ಪಿಳ್ಳೆಯವರು 1906ರಲ್ಲಿ ಸ್ವದೇಶಿ ಹಡಗು ಕಂಪೆನಿಯನ್ನು ಸ್ಥಾಪಿಸಿ, ತೂತ್ತುಕುಡಿಗೂ ಕೊಲಂಬೋಗೂ ನಡುವೆ ಹಡಗು ನಡೆಸಿದರು. ಬಿಳಿಯರ ಕಂಪೆನಿಗೆ ಇದು ಸಹನೆಯಾಗಲಿಲ್ಲ. 1908ರಲ್ಲಿ ಕೋರಲ್ ಗಿರಣಿಯ ಕೂಲಿಗಳ ಮುಷ್ಕರಕ್ಕೆ ಅವರು ಬೆಂಬಲವಾಗಿ ನಿಂತುದು ಸರ್ಕಾರಕ್ಕೂ ಸಹನೆಯಾಗಲಿಲ್ಲ. ಮಾರ್ಚ್ 12ರಂದು ಸುಬ್ರಹ್ಮಣ್ಯ ಶಿವರೊಡನೆ ಅವರ ಬಂಧನವಾಯಿತು. ಮರುದಿನ ತಿರುನೆಲ್ವೇಲಿಯಲ್ಲಿ ಗಲಭೆಯೆದ್ದು, ಪೊಲೀಸರ ಗುಂಡಿಗೆ ನಾಲ್ವರು ಬಲಿಯಾದರು.

ಜುಲೈ 7ರಂದು ಸೆಷನ್ಸ್ ನ್ಯಾಯಾಧೀಶ ಪಿನ್ಹೇ ತೀರ್ಪಿತ್ತನು. ರಾಜದ್ರೋಹದ ಭಾಷಣಕ್ಕಾಗಿ ಒಂದು, ಶಿವರಿಗೆ ಕುಮ್ಮಕ್ಕು ಕೊಟ್ಟುದಕ್ಕಾಗಿ ಇನ್ನೊಂದು, ಹೀಗೆ ಎರಡು ಆಜೀವ ದ್ವೀಪಾಂತರ ಶಿಕ್ಷೆಗಳು! ಒಂದಕ್ಕೆ ಇಪ್ಪತ್ತರಂತೆ ಜನರು ನಲವತ್ತು ವರ್ಷವೆಂದು ಲೆಕ್ಕ ಹಾಕಿದರು. ಆಗ ಪಿಳ್ಳೆಯವರಿಗೆ ಮೂವತ್ತೈದು ವರ್ಷ.

ಓದುಗರು ಇಲ್ಲೊಂದು ಅಂಶವನ್ನು ಗಮನಿಸಬೇಕು. ಅಂದಿನ ದಂಡಸಂಹಿತೆಯ 124-ಎ ಕಲಮಿನಂತೆ ರಾಜದ್ರೋಹಕ್ಕೆ ಆಜೀವ ದ್ವೀಪಾಂತರವನ್ನೂ ವಿಧಿಸಬಹುದಾಗಿತ್ತು, ಬರಿಯ ಜುಲ್ಮಾನೆಯನ್ನೂ ವಿಧಿಸಬಹುದಾಗಿತ್ತು. ಇವೆರಡರ ನಡುವಣ ಅಂತರವೆಲ್ಲ ನ್ಯಾಯಾಧೀಶನ ಮರ್ಜಿಗೆ ಬಿಟ್ಟದ್ದು. ಭಾಷಣ ಮಾಡಿದುದು ನಿಜವೆಂದಾದರೂ ಅದಕ್ಕೆ ಇಷ್ಟು ಶಿಕ್ಷೆ ತಕ್ಕುದೇ ಎಂಬ ಪ್ರಶ್ನೆ ಹೀಗೆ ಉಳಿಯಿತು. ಭಾರತಮಂತ್ರಿ ಮಾರ್ಲೆಯವರೇ ಈ ಶಿಕ್ಷೆಗಳು ಅತಿಯಾದುವೆಂದು ವೈಸರಾಯ್ ಮಿಂಟೋ ಅವರಿಗೆ ಬರೆದರೆಂದ ಮೇಲೆ ಬೇರೆ ಹೇಳುವುದೇನಿದೆ?

ಮದರಾಸು ಹೈಕೋರ್ಟಿಗೆ ಅಪೀಲು ಹೋಯಿತು. ಅಪೀಲಿನ ಕಾಗದಗಳು ಮದರಾಸಿನಲ್ಲಿ. ಕೈದಿಯ ಮೈ ಕೊಯಮತ್ತೂರಿನಲ್ಲಿ. ಜುಲೈ 9ರಿಂದಲೇ ಅವರನ್ನು ಇಲ್ಲಿ ಇರಿಸಿದ್ದರು. (ಕೊಳ್ಳೇಗಾಲವೂ ಆಗ ಇದೇ ಜಿಲ್ಲೆಗೆ ಸೇರಿತ್ತೆಂಬುದನ್ನು ಮಕ್ಕಳಿಗೆ ಹೇಳಿದರೆ ಅವರು ಭೂಪಟವನ್ನು ಹುಡುಕುತ್ತಾರೆ, 1956ರವರೆಗೂ ಅದು ಹಾಗೆಯೇ ಇತ್ತು.) ಮೊದಲು ನಾರು ಬಿಡಿಸುವ ಯಂತ್ರದ ಕೆಲಸ, ಅಂಗೈ ಸುಲಿದು ನೆತ್ತರು ಬಂದ ಮೇಲೆ ಗಾಣ. ಇದನ್ನೆಲ್ಲ ಅವರು ಪದ್ಯರೂಪದ ತಮ್ಮ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ.

ನವೆಂಬರಿನಲ್ಲಿ ಹೈಕೋರ್ಟಿನ ತೀರ್ಪು ಬಂದಿತು. ಅಪರಾಧಿಯೆಂಬ ನಿರ್ಣಯ ಹಾಗೆಯೇ ನಿಂತಿತು. ಶಿಕ್ಷೆ ಮಾತ್ರ ಆರು ವರ್ಷಕ್ಕಿಳಿಯಿತು. ಇದನ್ನು ಗೆಲುವೆನ್ನೋಣವೇ, ಸೋಲೆನ್ನೋಣವೇ? ನಮ್ಮ ಮಟ್ಟಿಗೆ ಇದು ಅರ್ಧ ನ್ಯಾಯ. ಮುಂಬಯಿಯಲ್ಲಿ ಅದೇ ಜುಲೈ 22ರಂದು ಲೋಕಮಾನ್ಯ ತಿಲಕರಿಗೂ ಆರು ವರ್ಷವೇ ವಿಧಿಸಲ್ಪಟ್ಟಿತ್ತು. ಆದರೆ ತಿಲಕರು ಮಂಡಾಲೆಯಲ್ಲಿ ಗ್ರಂಥ ಬರೆಯಬಲ್ಲವರಾದರು. ಪಿಳ್ಳೆಯವರಿಗೆ ಗಾಣ ದಕ್ಕಿತು. ವರ್ಷಗಳ ಸಂಖ್ಯೆ ಒಂದೇ ಆದರೂ ಶಿಕ್ಷೆ ಒಂದೇ ಆಗಿರಲಿಲ್ಲ.

1910ರ ಡಿಸೆಂಬರಿನಲ್ಲಿ ಅವರನ್ನು ಕಣ್ಣೂರು ಸೆರೆಮನೆಗೆ ಸಾಗಿಸಿದರು; 1912ರ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಆ ವೇಳೆಗೆ ಹಡಗು ಕಂಪೆನಿ ಮುಚ್ಚಿಹೋಗಿತ್ತು. ಅಪರಾಧಿಯೆಂಬ ನಿರ್ಣಯ ಉಳಿದುದರಿಂದ ವಕೀಲಿ ಸನ್ನದೂ ಹೋಗಿತ್ತು. ಅಪೀಲು ಮುಟ್ಟದೆ ಬಿಟ್ಟ ಆ ಅರ್ಧವೇ ಅವರನ್ನು ವರ್ಷಗಟ್ಟಲೆ ಬಡತನದಲ್ಲಿ ನವೆಸಿತು. ಕಡೆಗೆ ಸನ್ನದು ಮರಳಿ ಬರಲು ನೆರವಾದವರು ವ್ಯಾಲೇಸ್ ಎಂಬ ಆಂಗ್ಲ ನ್ಯಾಯಾಧೀಶರು. ಆ ಉಪಕಾರವನ್ನು ಮರೆಯದೆ ಪಿಳ್ಳೆಯವರು ತಮ್ಮ ಮಗನಿಗೆ ವಾಲೀಶ್ವರನ್ ಎಂದು ಹೆಸರಿಟ್ಟರು.