ಸ್ವಸಹಾಯ ಚಿಂತನೆಯ ಮೂಲ: ಲೀಡ್ಸ್ ನಗರದ ಕಾಲರಾ ಕೋಣೆ

‘ಸ್ವಸಹಾಯ’ ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಒಟ್ಟಿಗೆ ಸೇರಿ ಉಳಿತಾಯ ಮಾಡುವ ಮಹಿಳೆಯರ ಸಂಘ. ಪುಸ್ತಕದ ಅಂಗಡಿಯಲ್ಲಿ ಅದೇ ಪದಕ್ಕೆ ಬೇರೆ ಅರ್ಥ: ಸ್ವಪ್ರಯತ್ನದಿಂದ ಯಶಸ್ಸು ಗಳಿಸುವ ದಾರಿ ಹೇಳುವ ಪುಸ್ತಕಗಳು. ಈ ಬಗೆಯ ಪುಸ್ತಕಗಳಿಗೆ ಹೆಸರು ಬಂದದ್ದು ಸ್ಯಾಮ್ಯುಯೆಲ್ ಸ್ಮೈಲ್ಸ್ ಅವರ ‘ಸೆಲ್ಫ್-ಹೆಲ್ಪ್’ನಿಂದ. ಅದು 1859ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಒಬ್ಬೊಬ್ಬರ ಸಾಧನೆಯನ್ನು ಕೊಂಡಾಡುವ ಆ ಪುಸ್ತಕ ಹುಟ್ಟಿದ್ದು ಮಾತ್ರ ಒಂದು ಸಂಘದಲ್ಲಿ.

ಲೇಖಕರು

ಸ್ಮೈಲ್ಸ್ 1812ರಲ್ಲಿ ಸ್ಕಾಟ್ಲೆಂಡಿನ ಹ್ಯಾಡಿಂಗ್ಟನ್‌ನಲ್ಲಿ ಜನಿಸಿದರು. 1832ರ ಕಾಲರಾದಲ್ಲಿ ತಂದೆ ತೀರಿಕೊಂಡರು. ತಾಯಿ ಸಣ್ಣ ಅಂಗಡಿ ನಡೆಸಿ ದೊಡ್ಡ ಸಂಸಾರವನ್ನು ಸಾಕಿದರು. ಎಡಿನ್‌ಬರೋದಲ್ಲಿ ವೈದ್ಯಕೀಯ ಕಲಿತ ಸ್ಮೈಲ್ಸ್, 1838ರಲ್ಲಿ ಇಂಗ್ಲೆಂಡಿನ ಕೈಗಾರಿಕಾ ನಗರ ಲೀಡ್ಸ್‌ಗೆ ಬಂದು ‘ಲೀಡ್ಸ್ ಟೈಮ್ಸ್’ ಪತ್ರಿಕೆಯ ಸಂಪಾದಕರಾದರು. ದುಡಿಯುವ ಜನರಿಗೂ ಮತದಾನದ ಹಕ್ಕು ಬೇಕೆಂಬ ಚಳವಳಿಯಲ್ಲಿ ತೊಡಗಿದ್ದರು. ಮುಂದೆ ರೈಲ್ವೆ ಕಂಪನಿಯೊಂದರ ಕಾರ್ಯದರ್ಶಿಯಾದರು.

ಕಾಲರಾ ಕೋಣೆಯ ತರಗತಿ

ಪುಸ್ತಕದ ಮುನ್ನುಡಿಯಲ್ಲಿ ಸ್ಮೈಲ್ಸ್ ಅದರ ಹುಟ್ಟನ್ನು ವಿವರಿಸಿದ್ದಾರೆ. ಲೀಡ್ಸ್‌ನ ಇಬ್ಬರು ಮೂವರು ಬಡ ಯುವಕರು ಚಳಿಗಾಲದ ಸಂಜೆಗಳಲ್ಲಿ ಸೇರಿ, ತಮಗೆ ಗೊತ್ತಿದ್ದನ್ನು ಒಬ್ಬರಿಗೊಬ್ಬರು ಕಲಿಸತೊಡಗಿದರು. ಮೊದಲು ಅವರಲ್ಲೊಬ್ಬನ ಮನೆಯ ಕೋಣೆ ಸಾಕಾಗಿತ್ತು. ಜನ ಹೆಚ್ಚಾದಂತೆ, ಬೇಸಿಗೆಯಲ್ಲಿ ತೋಟದಲ್ಲೇ ಪಾಠ ನಡೆಯಿತು. ಮತ್ತೆ ಚಳಿ ಬಂದಾಗ ಜಾಗ ಹುಡುಕಬೇಕಾಯಿತು.

ಸಿಕ್ಕಿದ್ದು ಹಿಂದೆ ತಾತ್ಕಾಲಿಕ ಕಾಲರಾ ಆಸ್ಪತ್ರೆಯಾಗಿದ್ದ ಮಂಕಾದ ದೊಡ್ಡ ಕೋಣೆ. ರೋಗ ಇನ್ನೂ ಅಂಟಿಕೊಂಡಿದೆಯೆಂಬ ಭಯದಿಂದ ಅದನ್ನು ಬಾಡಿಗೆಗೆ ಪಡೆಯುವವರೇ ಇರಲಿಲ್ಲ. ಈ ಯುವಕರು ಹೆದರದೆ ಅದನ್ನು ಹಿಡಿದು, ದೀಪ ಹಚ್ಚಿ, ಕೆಲವು ಬೆಂಚು ಮತ್ತು ಒಂದು ಮೇಜು ಹಾಕಿಕೊಂಡರು. ಓದು, ಬರಹ, ಲೆಕ್ಕ, ಭೂಗೋಳದ ಪಾಠಗಳು ನಡೆದವು. ಕಲಿಸುವವರೂ ಅವರೇ, ಕಲಿಯುವವರೂ ಅವರೇ. ಸಂಖ್ಯೆ ನೂರರ ಹತ್ತಿರ ಬಂದಾಗ ಹೊರಗಿನವರ ಮಾತನ್ನೂ ಕೇಳುವ ಆಸೆಯಾಗಿ ಸ್ಮೈಲ್ಸ್ ಅವರನ್ನು ಕರೆದರು.

1845ರಲ್ಲಿ ಲೀಡ್ಸ್‌ನ ಈ ‘ಪರಸ್ಪರ ಸುಧಾರಣಾ ಸಂಘ’ದ ಎದುರು ಸ್ಮೈಲ್ಸ್ ದುಡಿಯುವ ವರ್ಗದ ಶಿಕ್ಷಣ ಕುರಿತು ಮಾತನಾಡಿದರು. ಶ್ರಮದಿಂದ ಮೇಲೆ ಬಂದವರ ಬದುಕನ್ನೇ ಉದಾಹರಣೆಯಾಗಿ ಹೇಳಿದರು. ಮುಂದಿನ ಪುಸ್ತಕಕ್ಕೆ ಅಂಥ ಉಪನ್ಯಾಸಗಳೇ ಬೀಜವಾದವು.

ಪುಸ್ತಕ ಮತ್ತು ಅದರ ತಿರುಳು

1855ರಲ್ಲಿ ರೂಟ್‌ಲೆಜ್ ಪ್ರಕಾಶನ ಹಸ್ತಪ್ರತಿಯನ್ನು ತಿರಸ್ಕರಿಸಿತು. 1859ರ ನವೆಂಬರಿನಲ್ಲಿ ಸ್ಮೈಲ್ಸ್ ತಮ್ಮ ಖರ್ಚಿನಲ್ಲೇ ಜಾನ್ ಮರ್ರೆ ಸಂಸ್ಥೆಯ ಮೂಲಕ ಅದನ್ನು ಹೊರತಂದರು. ಡಾರ್ವಿನ್ನರ ಜೀವವಿಕಾಸದ ಗ್ರಂಥವನ್ನು ಅದೇ ತಿಂಗಳು ಪ್ರಕಟಿಸಿದ್ದೂ ಅದೇ ಸಂಸ್ಥೆ. ಒಂದು ವರ್ಷದಲ್ಲಿ 20,000 ಪ್ರತಿಗಳು ಮಾರಾಟವಾದವು. 1904ರಲ್ಲಿ ಸ್ಮೈಲ್ಸ್ ತೀರಿಕೊಳ್ಳುವ ಹೊತ್ತಿಗೆ ಈ ಸಂಖ್ಯೆ ಎರಡೂವರೆ ಲಕ್ಷ ದಾಟಿತ್ತು.

ಗಣಿಯಲ್ಲಿ ದುಡಿದು ರೈಲು ಎಂಜಿನ್ ರೂಪಿಸಿದ ಜಾರ್ಜ್ ಸ್ಟೀಫನ್‌ಸನ್, ಕುಲುಮೆಯ ಬೆಂಕಿ ಆರದಿರಲೆಂದು ಮನೆಯ ಪೀಠೋಪಕರಣವನ್ನೇ ಉರಿಸಿದ ಫ್ರಾನ್ಸಿನ ಕುಂಬಾರ ಪಾಲಿಸಿ ಮೊದಲಾದವರ ಕಥೆಗಳು ಅದರಲ್ಲಿವೆ. ಆದರೆ ಕೊನೆಯ ಅಧ್ಯಾಯದ ವಿಷಯ ಹಣವಲ್ಲ, ನಡತೆ. ಸೋತರೂ ಪ್ರಾಮಾಣಿಕವಾಗಿ ದುಡಿದವನನ್ನು ಸ್ಮೈಲ್ಸ್ ಕೀಳಾಗಿ ಕಾಣುವುದಿಲ್ಲ.

ಹೆಸರು ತಂದ ತಪ್ಪು ಕಲ್ಪನೆ

ಶೀರ್ಷಿಕೆ ನೋಡಿ ಇದು ಸ್ವಾರ್ಥದ ಹೊಗಳಿಕೆ ಎಂದು ಹಲವರು ಟೀಕಿಸಿದರು. ಆ ಹೆಸರು ಸರಿಯಾಗಲಿಲ್ಲವೆಂದು 1866ರ ಆವೃತ್ತಿಯ ಮುನ್ನುಡಿಯಲ್ಲಿ ಸ್ಮೈಲ್ಸ್ ಒಪ್ಪಿಕೊಂಡರು. ತನಗೆ ತಾನು ನೆರವಾಗುವುದರಲ್ಲಿ ನೆರೆಯವರಿಗೆ ನೆರವಾಗುವುದೂ ಸೇರಿದೆ ಎಂದು ವಿವರಿಸಿದರು. 1875ರ ‘ಥ್ರಿಫ್ಟ್’ ಪುಸ್ತಕದಲ್ಲಿ, ಕಾಲರಾ ಹರಡಿದಾಗ ಯಾರೂ ಹೊಣೆಯಲ್ಲ ಎಂದು ಕೈತೊಳೆದುಕೊಳ್ಳುವವರನ್ನು ಕಟುವಾಗಿ ಟೀಕಿಸಿದರು. ಬಡತನಕ್ಕೆಲ್ಲ ಬಡವನ ಸೋಮಾರಿತನವೇ ಕಾರಣ ಎನ್ನುವವರು ಅವರ ಹೆಸರು ಹೇಳುವ ಮೊದಲು ಇದನ್ನು ಓದಬೇಕು.

ಹೊರದೇಶಗಳಲ್ಲಿ

ನಕಮುರಾ ಮಸನಾವೊ ಅವರ 1871ರ ಅನುವಾದ ಜಪಾನಿನಲ್ಲಿ ಮನೆಮಾತಾಯಿತು. ಅಮೆರಿಕದ ಓರಿಸನ್ ಸ್ವೆಟ್ ಮಾರ್ಡನ್ ಸ್ಮೈಲ್ಸ್ ಅವರಿಂದ ಸ್ಫೂರ್ತಿ ಪಡೆದು 1894ರಲ್ಲಿ ‘ಪುಶಿಂಗ್ ಟು ದ ಫ್ರಂಟ್’ ಬರೆದರು, 1897ರಲ್ಲಿ ‘ಸಕ್ಸೆಸ್’ ಪತ್ರಿಕೆ ಆರಂಭಿಸಿದರು. ನೆಪೋಲಿಯನ್ ಹಿಲ್ ಅವರ ‘ಥಿಂಕ್ ಅಂಡ್ ಗ್ರೋ ರಿಚ್’ 1937ರಲ್ಲಿ ಬರುವಷ್ಟರಲ್ಲಿ, ನಡತೆ ಇದ್ದ ಜಾಗಕ್ಕೆ ಸಂಪತ್ತು ಬಂದಿತ್ತು.

‘ಸೆಲ್ಫ್-ಹೆಲ್ಪ್’ನ ಇಂಗ್ಲಿಷ್ ಮೂಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಗಡಿಯೂರುಗಳಲ್ಲಿ ಸಂಜೆಯ ಕನ್ನಡ ತರಗತಿಗೆ ಒಂದು ಕೋಣೆ, ನಾಲ್ಕು ಬೆಂಚು ಹೊಂದಿಸಲು ಓಡಾಡುವ ಸದಸ್ಯರು ಮೊದಲು ಅದರ ಮುನ್ನುಡಿಯನ್ನು ಓದಲಿ. ಅಲ್ಲಿನ ಯುವಕರು ಅವರಿಗೆ ಪರಿಚಿತರಂತೆಯೇ ಕಂಡಾರು.