ಕೆಡವಿ ಕಟ್ಟಿದ ಲೋಕ

ಸಹಸ್ರಾರು ಮಂದಿ ತಮಗೊಪ್ಪುವ ಪಾತ್ರವನ್ನು ಧರಿಸಿ ಒಂದೇ ಕಲ್ಪಿತ ಭೂಮಿಯಲ್ಲಿ ಏಕಕಾಲಕ್ಕೆ ಸಂಚರಿಸುವ ಆನ್‌ಲೈನ್ ಆಟಗಳು 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’ಗಳ ಕಾಲದಿಂದಲೂ ಇದ್ದುವಾದರೂ, ಅವುಗಳ ಲೋಕಕ್ಕೆ ಚಕ್ರವರ್ತಿಯೊಬ್ಬನು ಬಂದದ್ದು 2004ರ ನವೆಂಬರ್ 23ರಂದು. ಅಮೆರಿಕದ ಬ್ಲಿಜರ್ಡ್ ಸಂಸ್ಥೆಯು ಅಂದು ಹೊರತಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟಕ್ಕೆ 2010ರ ವೇಳೆಗೆ 1 ಕೋಟಿ 20 ಲಕ್ಷ ಚಂದಾದಾರರಿದ್ದರು.

ಅದರೆದುರು ನಿಂತವರು ಬಡವರೂ ಅಲ್ಲ, ಅಲ್ಪರೂ ಅಲ್ಲ. 2008ರಲ್ಲಿ ಬಂದ ‘ವಾರ್‌ಹ್ಯಾಮರ್ ಆನ್‌ಲೈನ್’ 2013ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ‘ಸ್ಟಾರ್ ವಾರ್ಸ್’ ಚಿತ್ರಗಳ ಕೀರ್ತಿಯನ್ನು ಬೆನ್ನಿಗಿಟ್ಟುಕೊಂಡು 2011ರ ಡಿಸೆಂಬರಿನಲ್ಲಿ ಬಂದ ‘ದಿ ಓಲ್ಡ್ ರಿಪಬ್ಲಿಕ್’ ವರ್ಷ ತುಂಬುವ ಮೊದಲೇ ಕಡ್ಡಾಯ ಚಂದಾವನ್ನು ಕೈಬಿಟ್ಟಿತು. ಮನುಷ್ಯನು ಜಾತ್ರೆಗೆ ಹೋಗುವುದು ತೇರಿನ ಅಂದಕ್ಕಾಗಿ ಮಾತ್ರವಲ್ಲ, ತನ್ನವರು ಅಲ್ಲಿರುವರೆಂಬುದಕ್ಕಾಗಿ. ವರ್ಷಾನುಗಟ್ಟಲೆ ಜೊತೆಗೂಡಿ ಕಾದಿದ ಗಿಲ್ಡಿನ, ಅಂದರೆ ಆಟಗಾರರ ಕೂಟದ, ಗೆಳೆಯರನ್ನು ಬಿಟ್ಟು, ಹೆಚ್ಚುಕಡಿಮೆ ಹಳೆಯ ಆಟದಂತೆಯೇ ಇರುವ ಮತ್ತೊಂದು ಆಟಕ್ಕೆ ಬಂದವನು, ಕುತೂಹಲ ತೀರಿದೊಡನೆ ಆ ಗೆಳೆಯರ ಬಳಿಗೇ ಮರಳುವುದು ಸಹಜವಾಗಿತ್ತು.

ಈ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವುದು ಜಪಾನಿನ ಸ್ಕ್ವೇರ್ ಎನಿಕ್ಸ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ 14’. 2010ರ ಸೆಪ್ಟೆಂಬರ್ 30ರಂದು ಹೊರಬಂದ ಅದು ಸೋತಿತು. ರೂಪದ ವ್ಯಾಮೋಹ ಅಲ್ಲಿ ಎಷ್ಟಿತ್ತೆಂದರೆ, ಯಾರೂ ನಿಂತು ನೋಡದ ಒಂದು ಹೂಕುಂಡದ ರಚನೆಗೂ ಆಟಗಾರನ ಇಡೀ ಪಾತ್ರಕ್ಕೆ ಬಳಸಿದಷ್ಟೇ, ಅಂದರೆ ಸುಮಾರು 1,000, ಗಣಕಚಿತ್ರವನ್ನು ಕಟ್ಟುವ ಬಹುಭುಜಾಕೃತಿಗಳನ್ನು ಬಳಸಲಾಗಿತ್ತು. ಹೂಕುಂಡಗಳನ್ನು ಹೊತ್ತು ಬಳಲಿದ ಕಂಪ್ಯೂಟರಿನ ತೆರೆಯ ಮೇಲೆ ಮನುಷ್ಯರು ಕೂಡಿ ನಿಲ್ಲುವುದಕ್ಕೆ ಎಡೆ ಸಾಲದಾಗಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಆಟದ ಹೊಣೆ ಹೊತ್ತ ನಾವೋಕಿ ಯೋಶಿದಾ ಅವರು, ನಂಬಿ ಬಂದವರಿಗಾಗಿ ಹಳೆಯ ಆಟವನ್ನು ತಿದ್ದುತ್ತಲೇ, ಅದರ ಬದಲಿಗೆ ಬರಬೇಕಾದ ಹೊಸತನ್ನು ಬುನಾದಿಯಿಂದ ಕಟ್ಟಿಸತೊಡಗಿದರು; ಎದುರಾಳಿಯಾದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಿಂದ ಕಲಿಯುವುದಕ್ಕೆ ಅವರು ನಾಚಲಿಲ್ಲ, ಕಲಿತೆವೆಂದು ಹೇಳುವುದಕ್ಕೂ ಹಿಂಜರಿಯಲಿಲ್ಲ. ಅವರಲ್ಲಿ ನಾನು ಕಾಣುವ ದೊಡ್ಡತನವೆಂದರೆ, ಸೋಲನ್ನು ಮರೆಮಾಚದೆ ಅದನ್ನೇ ಕಥೆಯ ಒಂದು ಅಧ್ಯಾಯವನ್ನಾಗಿಸಿದ್ದು. ಆಟದ ಆಕಾಶದಲ್ಲಿ ದಾಲಮುದ್ ಎಂಬ ಕೆಂಪು ಚಂದ್ರನು ತಿಂಗಳುಗಟ್ಟಲೆ ಹಿರಿದಾಗುತ್ತ, ಹತ್ತಿರವಾಗುತ್ತ ಬಂದನು. 2012ರ ನವೆಂಬರ್ 11ರಂದು, ಕೊನೆಯವರೆಗೂ ಉಳಿದ ಆಟಗಾರರು ಕೂಡಿ ನಿಂತು ತಲೆಯೆತ್ತಿ ನೋಡುತ್ತಿರಲು, ಅವನ ಪತನದೊಡನೆ ಆ ಲೋಕವೂ ಅಳಿಯಿತು. ಅದರ ಬೂದಿಯಿಂದೆದ್ದ ‘ಎ ರೆಲ್ಮ್ ರೀಬಾರ್ನ್’ 2013ರ ಆಗಸ್ಟ್ 27ರಂದು ಬಾಗಿಲು ತೆರೆಯಿತು.

ಕಣ್ಣಿಗಾಗಿ ಕಟ್ಟಿದ್ದನ್ನು ಕೆಡವಿ ಕೂಡುವವರಿಗಾಗಿ ಮರಳಿ ಕಟ್ಟಿದ ಆ ಲೋಕಕ್ಕೆ 2021ರ ಡಿಸೆಂಬರಿನಲ್ಲಿ ಬಂದ ಜನರು ಎಷ್ಟೆಂದರೆ, ಸರ್ವರುಗಳಲ್ಲಿ ಎಡೆ ಸಾಲದೆ, ಸಂಸ್ಥೆಯು ಆಟದ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.