ಸಹಭಾಗಿತ್ವ, ವಿಜ್ಞಾನ ಸ್ನಾತಕೋತ್ತರ ವಿದ್ಯಾರ್ಥಿ–ಶಾಲಾ ಶಿಕ್ಷಕ (ದಾವಣಗೆರೆ–ಹರಿಹರ)

ವಿಜ್ಞಾನದ ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳು ಶಾಲಾ ಶಿಕ್ಷಕರ ಜೊತೆ ಸೇರಿ ಪಾಠ, ಪ್ರಯೋಗ, ಯೋಜನೆಗಳನ್ನು ರೂಪಿಸುವ ಪದ್ಧತಿ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಜಿಕೆ-12 ಹೆಸರಿನಲ್ಲಿ 1999ರಲ್ಲಿ ಇದಕ್ಕೆ ಶಿಷ್ಯವೇತನ ಕೊಡತೊಡಗಿತು. ಭಾರತದಲ್ಲಿ ಅದಕ್ಕೂ ಮುಂಚೆ, 1972ರಲ್ಲಿ ಶುರುವಾದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮದಲ್ಲಿ ವಿಜ್ಞಾನಿಗಳು ಹಳ್ಳಿ ಶಿಕ್ಷಕರೊಡನೆ ದುಡಿದಿದ್ದರು.

ದಾವಣಗೆರೆ ಭಾಗದಲ್ಲಿ ಇದಕ್ಕೆ ಹತ್ತಿರದ ವೇದಿಕೆ, 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ರಾಜ್ಯದಲ್ಲಿ ಸಂಘಟಿಸುತ್ತ ಬಂದಿದೆ. 10ರಿಂದ 17 ವರ್ಷದ ಮಕ್ಕಳು ಮಾರ್ಗದರ್ಶಿ ಶಿಕ್ಷಕರೊಂದಿಗೆ ತಮ್ಮೂರಿನದೇ ಸಮಸ್ಯೆಯೊಂದನ್ನು ಅಧ್ಯಯನ ಮಾಡುತ್ತಾರೆ. ಹರಿಹರದಲ್ಲಿ ಅಂಥ ವಿಷಯಕ್ಕೆ ದೂರ ಹೋಗಬೇಕಿಲ್ಲ: ಇಲ್ಲಿನ ತುಂಗಭದ್ರೆಯ ಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ದೊಡ್ಡ ಹೋರಾಟವೇ ನಡೆದಿತ್ತು. ನೀರಿನ ಪಿಎಚ್ ಅನ್ನು ಸೂಚಕ ಕಾಗದದಿಂದ ತರಗತಿಯಲ್ಲೇ ಅಳೆಯಬಹುದು. ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನಕ್ಕೆ ಮಾತ್ರ ಟೈಟ್ರೇಷನ್‌ನಲ್ಲಿ ಪಳಗಿದ ಕೈ ಬೇಕು; ರಸಾಯನಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿ ನೆರವಾಗಬಲ್ಲದ್ದು ಇಲ್ಲಿಯೇ. ಯಾವ ಮಗುವಿಗೆ ಎಷ್ಟು ಅರಗೀತು ಎಂಬುದನ್ನು ಶಿಕ್ಷಕರೇ ಬಲ್ಲರು, ಆದ್ದರಿಂದ ಪಾಠದ ಮುಂದಾಳತ್ವ ಅವರದೇ ಆಗಿರಬೇಕು. ದಾವಣಗೆರೆ ವಿಶ್ವವಿದ್ಯಾನಿಲಯ (ಸ್ಥಾಪನೆ 2009) ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ವಿಜ್ಞಾನದ ಸ್ನಾತಕೋತ್ತರ ವಿಭಾಗಗಳನ್ನು ನಡೆಸುತ್ತಿದೆ. ಹರಿಹರದ ಶಾಲೆಗಳಿಗೆ ಅದು ಒಂದು ಬಸ್ ಪ್ರಯಾಣದಷ್ಟು ದೂರ.